ಬಣ್ಣ ಕಮ್ಮಿ

ಪ್ರವಾದಿಯವರ ಜನ್ಮದಿನದ ಸಭೆಯಲ್ಲಿ ಇಸ್ಲಾಂ ಮತ್ತು ಮಾನವ ಹಕ್ಕುಗಳು ಹೇಳುವ ಸಮಾನತೆಯ ಬಗ್ಗೆ ಮಾತಾಡಲು ಪಾಂಡವಪುರದವರು ನನ್ನನ್ನು ಕರೆದಿದ್ದರು. ನಾನು ಕಾನೂನು ಪಾಠ ಹೇಳುವವನು. ಮೈಕು ಕೈಕೊಟ್ಟರೆ, ಗಂಟಲು ಕಟ್ಟಿದರೆ ಎಂದು ವಾರವೆಲ್ಲ ನಿದ್ದೆಗೆಟ್ಟಿದ್ದೆ. ಶ್ರೀರಂಗಪಟ್ಟಣದಿಂದ ಹೊರಡುವಾಗ, ಒಂದು ಮುರಿದರೆ ಇನ್ನೊಂದಿರಲಿ ಎಂದು ಎರಡು ಛತ್ರಿ ಹಿಡಿದಿದ್ದೆ. ಚಿಂತಿಸಬೇಕಾದ್ದು ಬೇರೆಯೇ ಇತ್ತು.

ನನ್ನ ಭಾಷಣಕ್ಕೆ ಮೊದಲು, ಬಿಳಿಯರು ಕರಿಯರಿಗಿಂತ ಮೇಲಲ್ಲ ಎಂಬ ಪ್ರವಾದಿಯವರ ಉಪದೇಶವನ್ನು ಪಿಯುಸಿ ಓದುವ ನನ್ನ ಮಗಳು ಕನ್ನಡದಲ್ಲಿ ಓದಬೇಕಿತ್ತು. ಅಡುಗೆಮನೆಯಲ್ಲಿ ಕುಕ್ಕರಿನ ಸೀಟಿಗೆ ಪೈಪೋಟಿ ಕೊಟ್ಟು ಅಭ್ಯಾಸ ಮಾಡಿದ್ದಳು. ಸಭಾಂಗಣ ತಲುಪುತ್ತಲೇ ಸಂಚಾಲಕರು ನನ್ನನ್ನು ಪಕ್ಕಕ್ಕೆಳೆದರು.

"ಓದಾಕೆ ಬ್ಯಾರೆ ಉಡುಗೀನ ಆಕಿದೀವಿ ಸಾಬ್. ತಪ್ ತಿಳ್ಕಬ್ಯಾಡಿ. ನಿಮ್ಮುಡ್ಗಿ ಬಣ್ಣ ಒಸಿ ಕಮ್ಮಿ. ವಿಡಿಯೋ ಮಾಡ್ತಾವ್ರೆ, ಮುಖ ಕಾಣಾಕಿಲ್ಲ."

ಮಗಳು ಪಕ್ಕದಲ್ಲೇ ನಿಂತಿದ್ದಳು. ಬಣ್ಣ ಕಮ್ಮಿಯಂತೆ! ಕಪ್ಪೇನು ಬಣ್ಣವಲ್ಲವೇ?

"ನಂದೂ ಇದೇ ಬಣ್ಣ ಕಣ್ರೀ. ನನ್ನ ಮಾತ್ರ ನಡುವಿನ ಕುರ್ಚಿಗೆ ಕರೆದ್ರಲ್ಲ?"

"ನೀವು ಗಂಡುಸ್ರು, ಲಾ ಓದಿರೋರು. ನಿಮ್ಗ್ಯಾಕೆ ಬಣ್ಣ, ಬುಡಿ!"

ಬೆಳ್ಳಗಿನ ಹುಡುಗಿ ಓದಿ ಇಳಿದಳು. ಅವಳದೇನು ತಪ್ಪು, ಚೆನ್ನಾಗಿಯೇ ಓದಿದಳು. ನನ್ನ ಸರದಿ ಬಂದಾಗ ಬರೆದುಕೊಂಡದ್ದನ್ನು ಜೇಬಿಗೆ ತುರುಕಿದೆ. ಬಣ್ಣ, ಜನಾಂಗ, ಹುಟ್ಟು ನೋಡಿ ಯಾರನ್ನೂ ಹಿಂದಕ್ಕೆ ತಳ್ಳಕೂಡದೆಂಬ ಅಂತರರಾಷ್ಟ್ರೀಯ ಒಪ್ಪಂದಕ್ಕೆ ನಮ್ಮ ದೇಶವೂ ಸಹಿ ಹಾಕಿದೆ, ನಮ್ಮ ಧರ್ಮ ಅದನ್ನು ಎಷ್ಟೋ ಮೊದಲೇ ಹೇಳಿದೆ, ನಮಾಜಿಗೆ ಭುಜಕ್ಕೆ ಭುಜ ತಾಗಿಸಿ ನಿಲ್ಲುವ ನಾವು ಹೊರಗೆ ಬಂದು ಚಪ್ಪಲಿ ಮೆಟ್ಟುವಷ್ಟರಲ್ಲಿ ಮರೆಯುತ್ತೇವೆ ಎಂದು ಕೂಗಾಡಿದೆ. ಭರ್ಜರಿ ಚಪ್ಪಾಳೆ. ಸಂಚಾಲಕರು ಕಿವಿಯ ಬಳಿ ಬಾಗಿ, "ಅಮೆರಿಕದೋರ್ಗೆ ಚೆನ್ನಾಗ್ ಉಗುದ್ರಿ ಸಾಬ್!" ಎಂದರು.

"ಅಮೆರಿಕದೋರ್ಗೆ ಯಾಕ್ರೀ? ನಿಮಗೇ ಉಗಿದಿದ್ದು!"

ಮೈಕು ಇನ್ನೂ ಚಾಲೂ ಇತ್ತು. ಸಭೆಯಲ್ಲಿ ಏನು, ಏನು ಎಂಬ ಗುಸುಗುಸು. ನಡೆದದ್ದನ್ನು ಹೇಳಿಬಿಟ್ಟೆ. ಬೆಳಿಗ್ಗೆ ಬಿಪಿ ಮಾತ್ರೆ ನುಂಗಿದ್ದೆನೋ ಇಲ್ಲವೋ ನೆನಪಾಗಲಿಲ್ಲ.

ಸಂಚಾಲಕರು ಮುಖ ಒರೆಸಿಕೊಂಡು ಮುಂದಿನ ಸಾಲಿನಲ್ಲಿದ್ದ ಮಗಳ ಕಡೆ ತಿರುಗಿದರು. "ಬಾರವ್ವ, ನೀನೂ ಓದು."

ಅವಳು ಎದ್ದು ನಿಂತಳು. "ಮೊದ್ಲು ಆ ಮಾತು ವಾಪಸ್ ತಗಳಿ."

"ಆಯ್ತು ಬೇಟಿ, ಕಮ್ಮಿ ಅಲ್ಲ. ಜಾಸ್ತಿ! ಸರಿಯಾ?"

ಸಭೆ ಗೊಳ್ಳೆಂದಿತು. ಅವಳು ನಗಲಿಲ್ಲ.

"ಜಾಸ್ತೀನೂ ಬ್ಯಾಡ. ಮೈಕ್ ಕೊಡಿ."