ಅದೊಂದು ಬಿಟ್ಟರೆ ಒಳ್ಳೆಯವನು

ದಾಮೋದರನ ಕಾಯಿಲೆಯ ಗುಟ್ಟನ್ನು ಭಟ್ಕಳದ ಆಫೀಸಿನಲ್ಲಿ ಬಾಯಿಬಿಟ್ಟವನು ನಾನು. ಅವನ ಮಾವ ಬೀರಣ್ಣನಲ್ಲ. ಬೀರಣ್ಣ ಬದುಕಿದ್ದಾಗಲೇ ಇದನ್ನು ಹೇಳಬೇಕಿತ್ತು — ಹೇಳಲಿಲ್ಲ. ಈಗ ಹೇಳಹೊರಟರೆ ನನ್ನ ಬಾಯಿಯ ಮೇಲೇ ನನಗೆ ಹೇಸಿಗೆಯಾಗುತ್ತದೆ.

ನಾನೂ ದಾಮುವೂ ಹುಟ್ಟಿದ್ದು ಅಘನಾಶಿನಿಯಲ್ಲಿ. ಎಪ್ಪತ್ತರ ದಶಕದಲ್ಲಿ ಶಾಲೆ ಮುಗಿದ ಮೇಲೆ ಇಬ್ಬರೂ ಬೀರಣ್ಣನ ಕೈಕೆಳಗೆ ದೋಣಿ ಕಟ್ಟುವ ಕೆಲಸಕ್ಕೆ ಸೇರಿದೆವು. ದಾಮುವಿಗೆ ತಂದೆತಾಯಿ ಇರಲಿಲ್ಲ. ಹೊಳನಗದ್ದೆಯಲ್ಲಿದ್ದ ಈ ಸೋದರಮಾವನೂ ಗಿರಿಜತ್ತೆಯೂ ಅವನನ್ನು ಸಾಕಿದ್ದರು. ಹಲಗೆ ಕೆತ್ತುವುದು, ಸಂದಿಗೆ ಹತ್ತಿ ತುಂಬುವುದು, ಎಲ್ಲ ಆದಮೇಲೆ ದೋಣಿಯ ಮೈಗೆ ಮೀನೆಣ್ಣೆ ಬಳಿಯುವುದು. ಆ ಎಣ್ಣೆಯ ನಾತ ಎಷ್ಟು ತಿಕ್ಕಿದರೂ ಉಗುರಿನ ಸಂದಿಯಲ್ಲಿ ಉಳಿಯುತ್ತಿತ್ತು. ಮದುವೆ ಊಟಕ್ಕೆ ಕೂತರೆ ಪಕ್ಕದವರು ಸ್ವಲ್ಪ ಸರಿದು ಕೂತಂತೆ — ಸರಿಯುತ್ತಿದ್ದರೋ ಇಲ್ಲವೋ, ನನಗಂತೂ ಹಾಗೆ ತೋರುತ್ತಿತ್ತು. ಆ ನಾತದಿಂದ ಪಾರಾಗಬೇಕು. ನನಗಿದ್ದ ಆಸೆ ಅಷ್ಟೇ.

ದಾಮುವಿನದು ಆಸೆಯಾಗಿರಲಿಲ್ಲ. ಒಂದು ಮಧ್ಯಾಹ್ನ ಅರ್ಧ ಕಟ್ಟಿದ ದೋಣಿಯೊಳಗೆ ನಾವಿಬ್ಬರೇ ಇದ್ದಾಗ ಅವನು ಮರ ಕೆತ್ತುವ ಬಾಚಿಯನ್ನು ಕೈಯಲ್ಲಿ ಹಿಡಿದಂತೆಯೇ ಉರುಳಿಬಿದ್ದ. ಕೈಕಾಲು ಸೆಟೆದು ಬಾಯಲ್ಲಿ ನೊರೆ ಬಂತು. ಬಾಚಿ ಅವನ ಕಾಲಿಗೇ ಬಿದ್ದಿತ್ತು. ಕುಮಟೆಯ ಡಾಕ್ಟರು ಅಪಸ್ಮಾರ ಎಂದರು. ಗುಳಿಗೆ ತಪ್ಪಿಸಬಾರದು, ಹರಿತದ ಹತ್ಯಾರು ಮುಟ್ಟಬಾರದು, ಎತ್ತರಕ್ಕೆ ಹತ್ತಬಾರದು, ನೀರಿನ ಹತ್ತಿರ ಒಬ್ಬನೇ ಹೋಗಬಾರದು ಎಂದರು. ದೋಣಿ ಕಟ್ಟುವವನಿಗೆ ಮತ್ತೇನು ಉಳಿಯಿತು? ಆಸ್ಪತ್ರೆಯ ಮೆಟ್ಟಿಲ ಮೇಲೆ ದಾಮು ನನ್ನ ಕೈ ಹಿಡಿದುಕೊಂಡ.

"ಮಾವಂಗೆ ಹೇಳೇ ಹೇಳ್ಬೇಕು. ಅವ ಬಿಟ್ರೆ ನಿಂಗೆ ಮಾತ್ರ ಗೊತ್ತು. ಮತ್ಯಾರ ಕೈಲೂ ಹೇಳ್ಬೇಡ ಮಾರಾಯ."

"ಆತು" ಎಂದೆ.

ಕುರ್ಚಿಯಲ್ಲಿ ಕೂತು ಮಾಡುವ ಕೆಲಸ ಹುಡುಕಿದವನೂ ಅವನೇ. ಕುಮಟೆಯಲ್ಲಿ ಟೈಪಿಂಗ್ ಕಲಿತೆವು. ಎಂಬತ್ತರ ದಶಕ ಮುಗಿಯುತ್ತ ಬಂದಾಗ ಹೊನ್ನಾವರದಲ್ಲಿ ಒಬ್ಬ ಮೇಷ್ಟ್ರು ಒಂದೇ ಒಂದು ಕಂಪ್ಯೂಟರ್ ಇಟ್ಟುಕೊಂಡು ಕ್ಲಾಸು ತೆರೆದರು, ಅಲ್ಲಿಗೂ ಹೋದೆವು. ಚಪ್ಪಲಿ ಹೊರಗೆ ಬಿಟ್ಟು, ದೇವರ ಕೋಣೆಗೆ ಹೋಗುವಂತೆ ಒಳಗೆ ಹೋಗಬೇಕು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳು. ನನ್ನ ಬೆರಳು ಒಂದು ಒತ್ತಿದರೆ ಎರಡು ಬೀಳುತ್ತಿತ್ತು. ದಾಮುವಿಗೆ ಬೇಗ ಒಲಿಯಿತು. ತನ್ನ ಸರದಿಯ ಹೊತ್ತನ್ನೂ ನನಗೇ ಬಿಟ್ಟುಕೊಟ್ಟು ಬದಿಯಲ್ಲಿ ನಿಂತು ಹೇಳಿಕೊಡುತ್ತಿದ್ದ. ಕಸುಬು ಬಿಟ್ಟು ಹೋಗುತ್ತೀರಿ ಎಂದು ಬೀರಣ್ಣ ಗೊಣಗಿದ, ಆದರೆ ಕ್ಲಾಸಿನ ದಿನ ಬೇಗ ಬಿಡುವುದನ್ನು ತಪ್ಪಿಸಲಿಲ್ಲ.

ಭಟ್ಕಳದಲ್ಲಿ ಸಿಗಡಿ ರಫ್ತು ಮಾಡುವ ಕಂಪನಿಯೊಂದು ಕಂಪ್ಯೂಟರ್ ತಂದಿತು. ಲೆಕ್ಕ ತುಂಬಿಸಲು ಒಬ್ಬ ಬೇಕಿತ್ತು — ಒಬ್ಬನೇ. ಪರೀಕ್ಷೆಯಲ್ಲಿ ದಾಮುವಿನದು ಮೊದಲು ಮುಗಿಯಿತು, ತಪ್ಪೂ ಇರಲಿಲ್ಲ. ಆಮೇಲೆ ಮ್ಯಾನೇಜರು ನನ್ನನ್ನು ಒಳಗೆ ಕರೆದರು. ತಣ್ಣನೆಯ ಕೋಣೆ. ನಾನು ಕುರ್ಚಿ ಎಳೆದು ಕೂತಾಗ ಅವರು ಮೂಗಿನ ಹತ್ತಿರ ಕರವಸ್ತ್ರ ಒಯ್ದರು. ನೆಗಡಿಯೇ ಇದ್ದೀತು — ಇರಲಿ. ನೀವಿಬ್ಬರೂ ಒಂದೇ ಊರಿನವರೋ ಎಂದು ಕೇಳಿದರು. ಕೇಳಿದ್ದು ಅಷ್ಟೇ. ಅವನು ಹೇಗೆ ಎಂದು ಕೂಡ ಕೇಳಲಿಲ್ಲ.

"ಹೌದು ಸರ್. ದಾಮು ಬಹಳ ಒಳ್ಳೆಯವನು. ಅಪಸ್ಮಾರ ಒಂದು ಬಿಟ್ಟರೆ."

ಮರುಕದ ದನಿಯಲ್ಲಿ ಹೇಳಿದೆ! ಆ ದನಿಯನ್ನು ನಾನು ಎಲ್ಲಿಂದ ತಂದೆ? ಬೈದು ಹೇಳಿದ್ದರೆ ಇಷ್ಟು ಕೊಳಕಾಗುತ್ತಿರಲಿಲ್ಲವೇನೋ... ಮ್ಯಾನೇಜರು ಪೆನ್ನು ಕೆಳಗಿಟ್ಟರು. ನನ್ನನ್ನು ಆರಿಸಿದರು. ದಾಮುವನ್ನು ಕರೆದು, ನಿನ್ನ ಕಾಯಿಲೆಯ ವಿಷಯ ತಿಳಿಯಿತು, ಇಷ್ಟು ಬೆಲೆಬಾಳುವ ಯಂತ್ರವನ್ನು ನಿನ್ನ ಕೈಗೆ ಕೊಡಲಾಗದು ಎಂದರಂತೆ.

ವಾಪಸು ಬರುವ ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ತಿರುಗಿ ಕೂತಿದ್ದ. ನನ್ನ ಮೇಲೆ ಅನುಮಾನವೇ ಇರಲಿಲ್ಲ ಅವನಿಗೆ. ಹೊನ್ನಾವರದ ಸೇತುವೆ ದಾಟುವಾಗ, ಅವರಿಗೆ ಯಾರು ಹೇಳಿರಬಹುದು ಎಂದು ಮೆಲ್ಲಗೆ ಕೇಳಿದ. ಸುಮ್ಮನಿದ್ದಿದ್ದರೂ ಆಗುತ್ತಿತ್ತು. ನಾನು ಹೇಳಿದೆ:

"ನಿನ್ನ ಮಾವ ಹೋದ ವಾರ ಭಟ್ಕಳಕ್ಕೆ ಹೋಗಿದ್ದ ಅಲ್ಲ?"

ಬೀರಣ್ಣ ಮರ ನೋಡಲು ಹೋಗಿದ್ದ. ಅದು ನನಗೆ ಗೊತ್ತಿತ್ತು.

ಮರುದಿನವೇ ದಾಮು ಮಾವನ ಮನೆ ಬಿಟ್ಟ. ಬೀರಣ್ಣ ದೇವರ ಮೇಲೆ ಆಣೆ ಹಾಕಿದ, ದಾಮು ನಂಬಲಿಲ್ಲ. ಕಸುಬಿನಲ್ಲೇ ಉಳಿಸಿಕೊಳ್ಳಲು ಮಾವ ಹೀಗೆ ಮಾಡಿದ ಎಂದು ಅವನ ಮನಸ್ಸಿನಲ್ಲಿ ನಿಂತುಹೋಗಿತ್ತು. ಕೊನೆಗೆ ಬೀರಣ್ಣ ನನ್ನನ್ನೇ ಕರೆಸಿದ — ನೀನಾದರೂ ಅವನಿಗೆ ತಿಳಿಹೇಳು ಎಂದ. ನಾನು ಗಿರಿಜತ್ತೆ ಬಡಿಸಿದ ಬಂಗಡೆ ಸಾರು ಉಂಡು, ಬೆರಳು ನೆಕ್ಕಿ, ದಾಮುವಿನ ಹತ್ತಿರ ಹೋಗಿ ಹೇಳಿದ್ದೇನು? ಮಾವ ತಿಳಿಯದೆ ಹೇಳಿರಬಹುದು, ದೊಡ್ಡ ಮನಸ್ಸು ಮಾಡಿ ಕ್ಷಮಿಸಿಬಿಡು ಎಂದು. ಇದನ್ನು ನೆನೆದಾಗ ನಿಜಕ್ಕೂ ವಾಕರಿಕೆ ಬರುತ್ತದೆ. ಬಾಯ್ಮಾತಿಗೆ ಹೇಳುತ್ತಿಲ್ಲ.

ನಾನು ಭಟ್ಕಳದಲ್ಲಿ ಉಳಿದೆ. ಹೊರಗೆ ಹೆಂಗಸರು ಮಂಜುಗಡ್ಡೆಯಲ್ಲಿ ಕೈಯಿಟ್ಟು ಸಿಗಡಿ ಸುಲಿಯುತ್ತಿದ್ದರು. ಒಳಗೆ ನಾನು ಅದರ ತೂಕವನ್ನು ಪರದೆಗೆ ತುಂಬುತ್ತಿದ್ದೆ. ಅಂಗೈಯ ದಡ್ಡು ಉದುರಿ ಚರ್ಮ ಮೆತ್ತಗಾಯಿತು. ಊರಿಗೆ ಹೋದರೆ ಜನ ಕುರ್ಚಿ ಕೊಡುತ್ತಿದ್ದರು. ದಾಮು, ತನ್ನ ಕಾಯಿಲೆ ಗೊತ್ತಿಲ್ಲದ ಕಡೆ ಹುಡುಕಿಕೊಂಡು ಹೊನ್ನಾವರದಲ್ಲಿ ಮತ್ತೆ ದೋಣಿ ಕೆಲಸವನ್ನೇ ಹಿಡಿದ. ಅಲ್ಲೊಂದು ದಿನ ಅಟ್ಟಣಿಗೆಯ ಮೇಲೆ ಫಿಟ್ಸ್ ಬಂದು ಕೆಳಗೆ ಬಿದ್ದ. ಬಲಗೈ ಮುರಿದದ್ದು ಸರಿಯಾಗಿ ಕೂಡಲಿಲ್ಲ. ಆ ಬೆರಳುಗಳು ಈಗಲೂ ಪೂರ್ತಿ ಮಡಚುವುದಿಲ್ಲ. ಬೀರಣ್ಣ ನೋಡಲು ಹೋದಾಗ ಗೋಡೆಯ ಕಡೆ ಮುಖ ಮಾಡಿ ಮಲಗಿದನಂತೆ. ಕೆಲವು ವರ್ಷಗಳ ಮೇಲೆ ಬೀರಣ್ಣ ತೀರಿಕೊಂಡ. ಅವರಿಗೆ ಮಕ್ಕಳಿರಲಿಲ್ಲ. ದಾಮು ಬರಲಿಲ್ಲ. ಚಟ್ಟಕ್ಕೆ ಹೆಗಲು ಕೊಟ್ಟವನು ನಾನು. ಸ್ವಂತ ಅಳಿಯನಿಗಿಲ್ಲದ ಪ್ರೀತಿ ಇವನಿಗೆ ಎಂದು ಜನ ಹೊಗಳಿದರು — ನಾನು ತಲೆ ತಗ್ಗಿಸಿ ಆ ಹೊಗಳಿಕೆಯನ್ನು ಕೇಳಿಸಿಕೊಂಡೆ.

ಹೋದ ತಿಂಗಳು ಕುಮಟೆಗೆ ಹೋಗಿ ದಾಮುವಿಗೆ ಎಲ್ಲವನ್ನೂ ಹೇಳಿದೆ. ಅವನು ಈಗ ಅಲ್ಲಿ ಐಸಿನ ಅಂಗಡಿಯೊಂದರಲ್ಲಿ ಕೂತಿರುತ್ತಾನೆ. ಹೊಡೆಯುತ್ತಾನೆ ಎಂದುಕೊಂಡಿದ್ದೆ; ಹೊಡೆದಿದ್ದರೆ ನನಗೇ ಹಗುರಾಗುತ್ತಿತ್ತು. ಅವನು ಅಂಗಿ ಹಾಕಿಕೊಂಡು ಎದ್ದ.

"ನನ್ನ ಕೈಲಿ ಹೇಳಿ ಎಂತ ಮಾಡ್ತೆ? ಅತ್ತೆ ಕೈಲಿ ಹೇಳು. ನಡಿ."

ಹೊಳನಗದ್ದೆಯಲ್ಲಿ ಗಿರಿಜತ್ತೆ ಜಗಲಿಯ ಮೇಲೆ ಕೂತಿದ್ದಳು. ನಿಂತುಕೊಂಡೇ ಹೇಳಿದೆ, ಒಂದನ್ನೂ ಬಿಡದೆ. ಅವಳಿಗೆ ಕಿವಿ ಮಂದ. ಕೆಲವು ಮಾತುಗಳನ್ನು ಮತ್ತೊಮ್ಮೆ ಗಟ್ಟಿಯಾಗಿ ಹೇಳಬೇಕಾಯಿತು. ಬಸ್ಸಿನಲ್ಲಿ ಆಡಿದ ಮಾತನ್ನಂತೂ ಚೀರಿದಂತೆ, ಪಕ್ಕದ ಮನೆಯವರಿಗೂ ಕೇಳುವ ಹಾಗೆ. ಪೂರ್ತಿ ಕೇಳಿ ಅವಳು ನನ್ನ ಕಡೆ ನೋಡದೆ ದಾಮುವಿನ ಸೊಟ್ಟಗಾದ ಕೈಯನ್ನು ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು.

"ಎಷ್ಟು ವರ್ಷ ಆತೋ ನೀ ಈ ಮನೆಯಲ್ಲಿ ಉಂಡು" ಎಂದಳು.

ದಾಮು ಅತ್ತುಬಿಟ್ಟ. ಅವಳು ಅವನನ್ನು ಒಳಗೆ ಕರೆದೊಯ್ದಳು. ಬಾಗಿಲು ತೆರೆದೇ ಇತ್ತು. ನನ್ನನ್ನು ಬಾ ಎಂದೂ ಹೋಗು ಎಂದೂ ಯಾರೂ ಹೇಳಲಿಲ್ಲ. ಒಳಗೆ ಬಟ್ಟಲಿಟ್ಟ ಸದ್ದು ಕೇಳಿಸಿತು. ಸ್ವಲ್ಪ ಹೊತ್ತು ನಿಂತಿದ್ದು, ಅಂಗಳ ಇಳಿದು ಬಂದೆ.