ಕಂಬಕ್ಕೆ ಕಟ್ಟಿದ ಉಡುದಾರಗಳು

ತೆರಕಣಾಂಬಿಯಲ್ಲಿ ಬಸ್ಸಿಳಿದು ಈರುಳ್ಳಿ ಹೊಲಗಳ ನಡುವೆ ಮುಕ್ಕಾಲು ಗಂಟೆ ನಡೆದರೆ ಆ ಚಪ್ಪರ ಸಿಗುತ್ತಿತ್ತು. ದೊಡ್ಡದೇನಲ್ಲ. ಹೊಂಗೆಮರಕ್ಕೆ ಒರಗಿಕೊಂಡ ಹಾಗೆ ನಾಲ್ಕು ಮೂಲೆಗೆ ನಾಲ್ಕು ಕಂಬ, ನಡುವೆ ಒಂದು, ಮೇಲೆ ತೆಂಗಿನ ಗರಿ, ಒಳಗೆ ಹಳೆಯ ಸೀರೆಗಳ ಜೋಲಿ. ಕೂಲಿಗೆ ಹೋಗುವ ಹೆಂಗಸರು ಬೆಳಿಗ್ಗೆ ಮಕ್ಕಳನ್ನು ಅಲ್ಲಿ ಬಿಟ್ಟು ಹೋಗಿ ಸಂಜೆ ಎತ್ತಿಕೊಂಡು ಹೋಗುತ್ತಿದ್ದರು. ಅವರದೇ ಒಂದು ಸಂಘ, ಆ ಸಂಘದ್ದೇ ಚಪ್ಪರ. ಮಕ್ಕಳನ್ನು ನೋಡಿಕೊಳ್ಳುತ್ತಿದ್ದವಳು ಅರವತ್ತು ದಾಟಿದ ಒಬ್ಬ ಅಜ್ಜಿ. ಊರೆಲ್ಲ ಅವಳನ್ನು ಚಪ್ಪರದವ್ವ ಎನ್ನುತ್ತಿತ್ತು. ನನಗೂ ಅವಳು ಹಾಗೆಯೇ ಆದಳು.

ನಾನಾಗ ಚಾಮರಾಜನಗರದ ಒಂದು ಪುಟ್ಟ ಆಫೀಸಿನಲ್ಲಿದ್ದೆ. ಚಾಮರಾಜನಗರ ಜಿಲ್ಲೆಯಾದ ಹೊಸತು, ಎಲ್ಲ ಬೋರ್ಡುಗಳ ಪೇಂಟೂ ಹಸಿಹಸಿ. ನನ್ನ ಕೆಲಸ ಏನೆಂದು ಹೇಳಿದರೆ ನೆಂಟರಿಗೆ ಅರ್ಥವಾಗುತ್ತಿರಲಿಲ್ಲ. ಇಂಥ ಸಣ್ಣ ಸಂಘಗಳಿಗೆ ನೆರವು ಕೊಡುವವರು ದೂರದಲ್ಲೆಲ್ಲೋ ಇರುತ್ತಾರೆ. ನಿಮ್ಮಿಂದ ಏನು ಬದಲಾಯಿತು, ತೋರಿಸಿ ಎಂದು ಕೇಳುತ್ತಾರೆ. ಹಾಗೆ ತೋರಿಸುವುದು ಹೇಗೆಂದು ಸಂಘದವರಿಗೆ ಕಲಿಸುವವಳು ನಾನು. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್ ನಮ್ಮ ಸ್ಕರ್ಟಿನ ಉದ್ದವನ್ನು ಮರದ ಸ್ಕೇಲಿನಲ್ಲಿ ಅಳೆಯುತ್ತಿದ್ದರು. ಅಳೆದದ್ದು ಮಾತ್ರ ನಿಜ ಎಂಬ ನಂಬಿಕೆ ನನಗೆ ಅಲ್ಲಿಂದಲೇ ಬಂದಿರಬೇಕು.

ಚಪ್ಪರಕ್ಕೆ ಇನ್ನು ಮೂರು ವರ್ಷ ನೆರವು ಮುಂದುವರಿಸುವುದೋ ಬೇಡವೋ ಎಂದು ನೋಡಲು ಯುಗಾದಿ ಕಳೆದ ಮೇಲೆ ರಿವ್ಯೂ ಟೀಮ್ ಬರುವುದಿತ್ತು. ಬೇಕೆಂದಾದರೆ ಮಕ್ಕಳಿಗೆ ರಾಗಿಗಂಜಿ, ಚಪ್ಪರದವ್ವನಿಗೆ ಸಂಬಳ, ಗರಿಯ ಬದಲು ಶೀಟು. ಬೇಡವೆಂದಾದರೆ ಇದ್ದದ್ದೂ ಇಲ್ಲ. ಮಕ್ಕಳು ಮತ್ತೆ ಹೊಲದ ಬದುವಿಗೆ.

"ನನ್ ಮಕ್ಳ ಬದಿನ ಮ್ಯಾಲ ಮಲಗಿಸಿ ಬೆಳಸ್ದವಳು ನಾನು" ಎಂದಿದ್ದಳು ಚಪ್ಪರದವ್ವ. "ಒಂದ್ ಹಿಡಿ ಕಳ ಕೀಳದು, ತಲ ಎತ್ತಿ ನೋಡದು. ಇನ್ನೊಂದ್ ಹಿಡಿ ಕೀಳದು, ತಲ ಎತ್ತಿ ನೋಡದು. ಈ ಎಣ್ಮಕ್ಳಿಗ ಅದು ಬ್ಯಾಡ ಕವ್ವ. ಬಗ್ಗಿಸ್ದ ತಲ ಬಗ್ಗಿಸ್ದಂಗೇ ನೆಮ್ದಿಯಾಗಿ ಕೆಲ್ಸ ಮಾಡ್ಕಬರ್ಲಿ."

ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆದರೆ ಫಾರ್ಮಿನಲ್ಲಿ ನೆಮ್ಮದಿಗೆ ಕಾಲಂ ಇರಲಿಲ್ಲ. ಇದ್ದದ್ದು ಮಕ್ಕಳ ತೂಕಕ್ಕೆ. ಹಾಗಾಗಿ ಒಂದು ದಿನ ಕೊಕ್ಕೆ ಇರುವ ಸ್ಪ್ರಿಂಗ್ ತಕ್ಕಡಿ, ಅದಕ್ಕೆ ನೇತುಹಾಕುವ ಬಟ್ಟೆಯ ಚೀಲ ತೆಗೆದುಕೊಂಡು ಹೋದೆ. ಹೊಂಗೆಕೊಂಬೆಗೆ ಅದನ್ನು ಕಟ್ಟಿದ್ದೇ ತಡ, ತಾಯಂದಿರು ಮಕ್ಕಳನ್ನು ಸೆರಗಿನಡಿ ಮುಚ್ಚಿಕೊಂಡರು.

"ಏನ್ ಮೇಡಮ್ಮ, ಸಂತೇಲಿ ಕುರಿ ತೂಗ್ದಂಗ?" ಎಂದು ಒಬ್ಬಳು ನಕ್ಕಳು. ಸಂಘದಲ್ಲೆಲ್ಲ ಬಾಯಿ ಜೋರಿನವಳು ಅವಳೇ. "ಕೂಸ ತೂಗಿದ್ರ ಕಣ್ಣಾಯ್ತದ. ಬೇಕಾದ್ರ ನೀವೇ ನೇತಾಕ್ಕಳಿ, ನಾವ್ ನೋಡಿ ಬರ್ಕತೀವಿ."

ನಾನೂ ನಕ್ಕೆ, ಆದರೆ ಒಳಗೇ ಡೆಸ್ಪರೇಟ್ ಆಗಿದ್ದೆ. ಹಾಗೆ ಪೆಚ್ಚಾಗಿ ಕುಳಿತಿದ್ದಾಗಲೇ ನಡುಗಂಬ ಕಣ್ಣಿಗೆ ಬಿದ್ದದ್ದು. ಎಷ್ಟೋ ಸಲ ಅದಕ್ಕೇ ಒರಗಿ ಕುಳಿತವಳು ಒಮ್ಮೆಯೂ ನೋಡಿರಲಿಲ್ಲ. ಕಂಬದ ತುಂಬ ಕಪ್ಪು ದಾರಗಳು, ಗೊಂಚಲು ಗೊಂಚಲಾಗಿ.

ಮಕ್ಕಳ ಉಡುದಾರಗಳು ಅವು. ಕೂಸು ಬೆಳೆದು ಸೊಂಟದ ದಾರ ಬಿಗಿಯಾದಾಗ ಅದನ್ನು ಕತ್ತರಿಸಿ ಹೊಸದು ಕಟ್ಟುತ್ತಾರೆ. ಕತ್ತರಿಸಿದ್ದನ್ನು ತುಳಿಯುವ ಕಡೆ ಎಸೆಯುವ ಹಾಗಿಲ್ಲ. ಚಪ್ಪರದವ್ವ ಅವನ್ನು ಕಂಬಕ್ಕೆ ಕಟ್ಟಿಟ್ಟು, ಯುಗಾದಿಯ ಮಾರನೆಯ ದಿನ ಎಲ್ಲವನ್ನೂ ಒಟ್ಟಿಗೆ ಕೆರೆಗೆ ಬಿಡುತ್ತಿದ್ದಳು. ಒಂದು ಕೂಸಿನದು ಒಂದು ಗೊಂಚಲು. ಮೊದಲ ದಾರಕ್ಕಿಂತ ಎರಡನೆಯದು ಉದ್ದ, ಎರಡನೆಯದಕ್ಕಿಂತ ಮೂರನೆಯದು. ಯಾವುದು ಯಾರದೆಂದು ಅವಳು ಗಂಟು ಮುಟ್ಟಿ ಹೇಳುತ್ತಿದ್ದಳು. "ಇದು ಬಾವಿ ಮನ ಮಗೀದು. ಬಂದಾಗ ಕಡ್ಡಿಯಂಗಿತ್ತು. ನೋಡೀಗ, ಬೆಳದ್ಬುಟ್ಟದ."

ವರ್ಷವಿಡೀ ಮಕ್ಕಳು ಮೈ ತುಂಬಿಕೊಂಡದ್ದು ಆ ಕಂಬದ ಮೇಲೆ ಬರೆದಿಟ್ಟ ಹಾಗಿತ್ತು. ಇವನ್ನು ಕೊಡುತ್ತೀಯಾ, ದೊಡ್ಡವರಿಗೆ ತೋರಿಸಬೇಕು ಎಂದೆ. ಅವಳು ಒಂದೊಂದೇ ಗೊಂಚಲನ್ನು ಮುಟ್ಟಿ ನೋಡಿದಳು.

"ತಕ್ಕೊಂಡೋಗು. ಆದ್ರ ಯುಗಾದಿಗ ಮುಂಚ ತಂದ್ಬುಡು. ಕೂಸಿನ ಮೈಮ್ಯಾಲಿದ್ದದ್ದು ಕವ್ವ, ಕಂಡೋರ ಕೈಗ ಕೊಡಬ್ಯಾಡ."

ಪ್ರಾಮಿಸ್ ಎಂದೆ. ಆ ಪದ ಅವಳಿಗೆ ಗೊತ್ತಿರಲಿಲ್ಲ, ನನ್ನ ಮುಖ ನೋಡಿ ಒಪ್ಪಿಕೊಂಡಳು.

ಆಫೀಸಿನಲ್ಲಿ ನಾನು ಮಾಡಿದ್ದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ದೊಡ್ಡ ಬಿಳಿ ಚಾರ್ಟ್ ಪೇಪರ್ ಹಾಸಿ, ಒಂದೊಂದು ದಾರವನ್ನೂ ನೇರ ಎಳೆದು ಗೋಂದು ಹಾಕಿ ಅಂಟಿಸಿದೆ. ಪಕ್ಕದಲ್ಲಿ ಚಂದದ ಕರ್ಸಿವ್ ಅಕ್ಷರಗಳಲ್ಲಿ ಮಗುವಿನ ಹೆಸರು, ತಿಂಗಳು. ಸಿಸ್ಟರ್ ನೋಡಿದ್ದರೆ ಗೋಲ್ಡ್ ಸ್ಟಾರ್ ಕೊಡುತ್ತಿದ್ದರು. ನಮ್ಮ ಆಫೀಸರು ಎಕ್ಸಲೆಂಟ್ ಎಂದು ಅದನ್ನು ಬಾಗಿಲ ಎದುರಿನ ಗೋಡೆಗೆ ಹೊಡೆಸಿದರು. ಯುಗಾದಿಗೆ ವಾಪಸ್ ಕೊಡಬೇಕು ಸರ್ ಎಂದರೆ, "ರಿವ್ಯೂ ಅದಾದ ವಾರಕ್ಕೇ ಅಲ್ಲವೇನಮ್ಮ, ಒಂದು ವಾರದಲ್ಲಿ ಏನಾಗಿಬಿಡುತ್ತೆ" ಎಂದರು. ನಾನು ಚಾರ್ಟನ್ನು ಗೋಡೆಯ ಮೇಲೇ ಬಿಟ್ಟೆ. ಅವರಿಗಿಂತ ಹೆಚ್ಚಾಗಿ ನನಗೇ ಆಸೆಯಿತ್ತು. ಆ ಟೀಮು ಆ ಗೋಡೆಯ ಮುಂದೆ ನಿಂತು ಬಾಯಿ ಬಿಡುವುದನ್ನು ನೋಡಬೇಕಿತ್ತು.

ಹಬ್ಬಕ್ಕೆ ಎರಡು ದಿನ ಇರುವಾಗ ಮಧ್ಯಾಹ್ನ ಚಪ್ಪರದವ್ವನೇ ಬಂದಳು, ಬಸ್ಸಿನಲ್ಲಿ, ಇಬ್ಬರು ತಾಯಂದಿರ ಜೊತೆ. ಅವರಲ್ಲಿ ಬಾಯಿ ಜೋರಿನವಳೂ ಇದ್ದಳು. ಅವಳ ಕೂಸಿಗೆ ನಾಲ್ಕು ದಿನ ಜ್ವರ ಬಂದು ಆಗಷ್ಟೇ ಇಳಿದಿತ್ತು, ದಾರ ಕಂಡವರ ಕೈಗೆ ಹೋದದ್ದಕ್ಕೇ ಎಂಬ ಅಂಜಿಕೆ ಅವರಿಗೆ. ಮೂವರೂ ಒಳಗೆ ಕಾಲಿಟ್ಟವರು ಗೋಡೆ ನೋಡಿ ಅಲ್ಲೇ ನಿಂತರು.

"ಅಯ್ಯೋ ಮೇಡಮ್ಮ, ನಮ್ಮ್ ಕೂಸ್ಗಳ್ನೇ ಅಂಟಿಸ್ಬುಡ್ನಿಲ್ವಲ್ಲ, ಅಷ್ಟೇ ನಮ್ ಪುಣ್ಯ" ಎಂದಳು ಬಾಯಿ ಜೋರಿನವಳು. ಈ ಸಲ ನಗಲಿಲ್ಲ.

ನಾನು ಅವರನ್ನು ಕೂರಿಸಿ ಬಿಡಿಸಿ ಹೇಳಿದೆ. ಇದು ಹೋದರೆ ತೋರಿಸುವುದಕ್ಕೆ ಏನೂ ಇಲ್ಲ, ತೋರಿಸದಿದ್ದರೆ ಚಪ್ಪರ ನಿಲ್ಲಬಹುದು, ಇನ್ನೊಂದೇ ವಾರ ತಡೆದುಕೊಳ್ಳಿ ಎಂದೆ. ಇಬ್ಬರು ತಾಯಂದಿರೂ ಚಪ್ಪರದವ್ವನ ಮುಖ ನೋಡಿದರು. ಚಪ್ಪರ ಬೇಕೆಂದು ಎಲ್ಲರಿಗಿಂತ ಹೆಚ್ಚು ಹಂಬಲಿಸಿದವಳು ಅವಳೇ.

ಅವಳು ಗೋಡೆಯ ಹತ್ತಿರ ಹೋಗಿ ಒಂದು ದಾರವನ್ನು ಬೆರಳಿನಿಂದ ಸವರಿದಳು. "ಗರಿ ಹೋದ್ರ ಇನ್ನೊಂದ್ ಗರಿ ಹೊದಿಸ್ಬೋದು. ಈ ಅವ್ವಂದಿರು ನನ್ ಮುಖ ನೋಡಿ ಕೂಸ ಬುಟ್ಟೋಗ್ತಾರ ಕವ್ವ, ಚಪ್ರ ನೋಡಿ ಅಲ್ಲ. ದಾರವ ಕೆರಗ ಬುಡ್ತೀನಿ ಅಂತ ಇವರ್ಗ ನಾ ಅಂದಿದ್ನಲ್ಲ, ಅದ್ನ ಉಳಿಸ್ಕಬೇಕು. ಕೊಟ್ಬುಡು."

ಆಫೀಸರು ಅಂದು ಗುಂಡ್ಲುಪೇಟೆಗೆ ಹೋಗಿದ್ದರು. ಇದ್ದ ಒಂದೇ ಕ್ಯಾಮೆರಾ ಕೂಡ ಅವರ ಜೊತೆ ಹೋಗಿತ್ತು. ನಾನು ಪೆನ್ಸಿಲ್ ತಂದು ಪ್ರತಿ ದಾರದ ಪಕ್ಕ ಗೆರೆ ಎಳೆದೆ. ಆಮೇಲೆ ಹಿತ್ತಲಿನಲ್ಲಿ ಬಿಸಿನೀರು ಕಾಯಿಸಿ, ನಾಲ್ವರೂ ಚಾರ್ಟಿನ ಸುತ್ತ ಕುಕ್ಕರುಗಾಲಿನಲ್ಲಿ ಕುಳಿತು, ಒದ್ದೆ ಬಟ್ಟೆ ಒತ್ತಿ ಒತ್ತಿ ದಾರಗಳನ್ನು ಬಿಡಿಸಿದೆವು. ನಾನು ಅವಸರಪಟ್ಟಾಗಲೆಲ್ಲ ಚಪ್ಪರದವ್ವ ನನ್ನ ಕೈ ಹಿಡಿದು ನಿಲ್ಲಿಸುತ್ತಿದ್ದಳು. "ಮೆಲ್ಲುಕ. ಕೂಸಿನ ಸೊಂಟದಿಂದ ಬಿಚ್ಚಂಗ ಬಿಚ್ಚು." ನಾನು ಯಾವ ಕೂಸಿನ ಸೊಂಟದಿಂದಲೂ ಏನನ್ನೂ ಬಿಚ್ಚಿದವಳಲ್ಲ. ಅವಳಿಗೆ ಅದು ಗೊತ್ತಿತ್ತು. ಅದಕ್ಕೇ ಹಿಡಿದ ಕೈಯನ್ನು ತಕ್ಷಣ ಬಿಡಲಿಲ್ಲ ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ದಾರಗಳ ಗಂಟು ಅವಳ ಮಡಿಲಲ್ಲಿತ್ತು. ಕಿಟಕಿಯಿಂದ ಬಗ್ಗಿ, "ಕೆರಗ ಬುಡಾಗ ನೀನೂ ಬಾ. ನೀನೂ ಅಂಟಿಸ್ದವಳೇ ಅಲ್ವ" ಎಂದು ಬಾಯ್ತುಂಬ ನಕ್ಕಳು.

ಷೂರ್ ಬರ್ತೀನಿ ಎಂದೆ.

ಹೋಗಲಿಲ್ಲ. ಹಬ್ಬದ ಮಾರನೆಯ ದಿನ ಇಡೀ ರಿಪೋರ್ಟನ್ನು ಹೊಸದಾಗಿ ಬರೆಯುತ್ತ ಕುಳಿತಿದ್ದೆ. ಹೇಗಾದರೂ ಅವಳ ಚಪ್ಪರ ಉಳಿಸುತ್ತೇನೆಂದು ಹಟ ಹಿಡಿದಿದ್ದೆ. ರಿವ್ಯೂಗೆ ಬಂದ ಹೆಂಗಸು ಒಳ್ಳೆಯವರೇ. ಕಲೆಯಾದ ಚಾರ್ಟನ್ನು ಮೇಜಿನ ಮೇಲೆ ಹರಡಿಕೊಂಡು ಗೆರೆಗಳ ಮೇಲೆ ಬೆರಳಾಡಿಸಿ, "ಲವ್ಲಿ. ಆದರೆ ಇವು ಬರೀ ಪೆನ್ಸಿಲ್ ಗೆರೆಗಳಲ್ಲವೇ" ಎಂದರು. ತಿಂಗಳೊಪ್ಪತ್ತಿನಲ್ಲಿ ಕಾಗದ ಬಂತು. ಬೇಡವೆಂದಾಗಿತ್ತು.

ಹೇಳಲು ಹೋದಾಗ ಚಪ್ಪರದವ್ವ ಮಕ್ಕಳಿಗೆ ಗಂಜಿ ಕುಡಿಸುತ್ತಿದ್ದಳು. ತಾಯಂದಿರು ಸರದಿಯ ಮೇಲೆ ರಾಗಿಹಿಟ್ಟು ತರಲು ಆಗಲೇ ಮಾತಾಡಿಕೊಂಡಿದ್ದರು. "ಬುಡವ್ವ, ಆದಷ್ಟು ದಿನ ಮಾಡನ" ಎಂದಳು. ನಡುಗಂಬದ ಮೇಲೆ ಎರಡು ಹೊಸ ದಾರಗಳಿದ್ದವು. ಕೆರೆಗೆ ಬಿಟ್ಟಿರಾ ಎಂದು ಕೇಳಿದೆ.

"ಬುಟ್ಟೊ. ನಿನ್ಗ ಅಂತ ವಸಿ ಹೊತ್ತು ಕಾದೊ. ಮುಂದ್ಲ ಯುಗಾದಿಗಾದ್ರೂ ಬಾ."

ಮುಂದಿನ ಯುಗಾದಿಯ ಹೊತ್ತಿಗೆ ನಮ್ಮ ಆಫೀಸೇ ಮುಚ್ಚಿತ್ತು. ನಾನು ಮೈಸೂರಿಗೆ ಬಂದುಬಿಟ್ಟಿದ್ದೆ. ಮೈಸೂರಿನಿಂದ ಅಲ್ಲಿಗೆ ಎಷ್ಟು ಮಹಾ ದೂರ? ಬೇಗೂರು ದಾಟಿ, ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಾಯಿಸಿದರೆ ಆಯಿತು. ಯಾವ ಮುಖ ಹೊತ್ತು ಹೋಗಲಿ ಎಂದು ಮೊದಲ ವರ್ಷ ಅಂದುಕೊಂಡೆ. ಆಮೇಲೆ ಅಂದುಕೊಳ್ಳುವುದಕ್ಕೆ ಕಾರಣವೂ ಬೇಕಾಗಲಿಲ್ಲ, ವರ್ಷಗಳೇ ಸಾಕಾದವು.

ಆ ಚಾರ್ಟ್ ನನ್ನ ಬೀರುವಿನಲ್ಲಿ ಸುರುಳಿಯಾಗಿ ಕುಳಿತಿದೆ. ಗೋಂದಿನ ಕಲೆ ಹಳದಿಯಾಗಿದೆ, ಗೆರೆಗಳು ಮಾಸುತ್ತಿವೆ. ಪ್ರತಿ ಯುಗಾದಿಯ ಮಾರನೆಯ ದಿನ, ಮನೆಯಲ್ಲಿ ಎಲ್ಲರೂ ಹೋಳಿಗೆ ತಿಂದು ಮಲಗಿರುವಾಗ, ಕೆರೆಯ ಏರಿಯ ಮೇಲೆ ಒಂದಷ್ಟು ಹೆಂಗಸರು ನಿಂತಿರುವುದು ನನಗೆ ಕಾಣಿಸುತ್ತದೆ. ಅವರಲ್ಲೊಬ್ಬಳು ತೆರಕಣಾಂಬಿಯ ದಾರಿಯ ಕಡೆ ತಲೆ ಎತ್ತಿ ಎತ್ತಿ ನೋಡುತ್ತಿರುತ್ತಾಳೆ. ನೋಡುವಷ್ಟು ನೋಡಿ, ವಸಿ ಹೊತ್ತು ಕಾದು, ಆಮೇಲೆ ನೀರಿಗೆ ಬಗ್ಗುತ್ತಾಳೆ.