ಗೈಡ್ ಸರ್ ದನಿಯಲ್ಲಿ ಒಂದು ಫೋನು

ತಪ್ಪು ನನ್ನದೇ. ಫೋನಿನಲ್ಲಿ ನಮ್ಮ ಗೈಡ್ ಸರ್ ದನಿ ಮಾಡಿ ಸೋದರತ್ತೆಯನ್ನು ಒಪ್ಪಿಸಲು ಹೋದ ಕೋತಿ ನಾನೇ.

ಬಳ್ಳಾರಿಯಲ್ಲಿ ನಾನು ಅತಿಥಿ ಉಪನ್ಯಾಸಕ. ನಮ್ಮ ಬೇಡ ನಾಯಕರ ಇತಿಹಾಸದ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಸಿರುಗುಪ್ಪದ ಹತ್ತಿರ ನಮ್ಮ ಭತ್ತದ ಗದ್ದೆ. ಕಾಲುವೆ ನೀರಿನ ಪಾಳಿ ಬಂದರೆ ಅಣ್ಣನ ಜೊತೆ ಕೆಸರಿನಲ್ಲಿ, ಇಲ್ಲವೆಂದರೆ ಬಸ್ಸಿನಲ್ಲಿ. ಪಾಠ ಮಾಡುತ್ತ ಮಾಡುತ್ತಲೇ ತೂಕಡಿಸುವ ಮೇಷ್ಟ್ರು ನಾನೊಬ್ಬನೇ ಇರಬೇಕು. ಹುಡುಗರು ಎಬ್ಬಿಸುವುದೂ ಇಲ್ಲ. ಗದ್ದೆಗೆ ಹೋದರೆ ಅಣ್ಣ, "ಬರ್ರಿ ಡಾಕ್ಟ್ರೇ, ಬದುವಿಗೆ ಒಂದು ಇಂಜೆಕ್ಷನ್ ಕೊಡ್ರಿ" ಎಂದು ಸಲಿಕೆ ಚಾಚುತ್ತಾನೆ.

ಪ್ರಬಂಧದ ಕೊನೆಯ ಅಧ್ಯಾಯ ಅತ್ತೆಯ ಮೇಲೆ ನಿಂತಿತ್ತು. ನಮ್ಮ ಬೆಡಗಿನವರು, ಅಂದರೆ ನಮ್ಮ ಕುಲದವರು, ಕುರುಗೋಡಿಗೆ ಹೇಗೆ ಬಂದರೆಂಬ ಕಥೆಯನ್ನು ಪೂರ್ತಿ ಬಲ್ಲವಳು ಈಗ ಅವಳೊಬ್ಬಳೇ. ಕೇಳುವವರು ಅವಳ ಮನೆಗೆ ಹೋಗಿ, ತಮ್ಮ ಹೊಲದ ಕಾಳನ್ನು ಮೊದಲು ಅವಳ ಉಡಿಗೆ ಹಾಕಬೇಕು. ನಮ್ಮ ಮನೆತನದ ರೂಢಿ. ನನಗೆಲ್ಲಿ ಪುರುಸೊತ್ತು? ಫೋನಿನಲ್ಲೇ ಹೇಳೆಂದರೆ, "ಊರ ಮಂದೀನೆಲ್ಲಾ ಅಣಕಸ್ತಿ, ನಾಳಿ ನನ್ನೂ ಅಣಕಸ್ತಿ. ನಾ ಒಲ್ಲೆ" ಎಂದಳು. "ತಡಿ, ನಮ್ಮ ಸಾರ್‌ಗೆ ಕೊಡ್ತೀನಿ" ಎಂದು ಸರ್ ಹಾಗೆಯೇ ಮೂಗಿನಲ್ಲಿ ಶುರುಮಾಡಿದೆ: "ಅಮ್ಮಾ, ಹೂಂ, ನಿಮ್ಮ ಮಾತಿಲ್ಲದೆ ಇತಿಹಾಸ ಅಪೂರ್ಣ, ಹೂಂ."

"ಹಂಗಾರ ನಾನ ಬಂದು ಹೇಳ್ತೀನ್ರಿ ಸಾರ್."

ಮಾತಿಗೆ ಅಂದಳೆಂದುಕೊಂಡೆ. ಮರುದಿನವೇ ರೇಷ್ಮೆ ಸೀರೆ ಉಟ್ಟು, ಸರ್‌ಗೆಂದು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಳ್ಳಾರಿಯ ನಮ್ಮ ವಿಭಾಗದ ಬಾಗಿಲಲ್ಲಿ ನಿಂತಳಂತೆ. ಸರ್, "ನಾನು ನಿಮ್ಮ ಜೊತೆ ಮಾತೇ ಆಡಿಲ್ಲವಲ್ಲಮ್ಮಾ" ಎಂದರಂತೆ. ಅವಳಿಗೆ ಅಲ್ಲೇ ಎಲ್ಲ ತಿಳಿಯಿತು. ಬುತ್ತಿಯನ್ನು ಅವರ ಮೇಜಿನ ಮೇಲಿಟ್ಟು ತಿರುಗಿ ಬಸ್ಸು ಹತ್ತಿದಳು. ನಾನಾಗ ಸಿರುಗುಪ್ಪದಲ್ಲಿ ಮೊಣಕಾಲುದ್ದ ಕೆಸರಿನಲ್ಲಿದ್ದೆ.

ಸರ್ ಬೈಯಲಿಲ್ಲ. "ಹೂಂ, ಅವರ ಬಾಯಿಂದ ಬರದಿದ್ದರೆ ಆ ಅಧ್ಯಾಯ ಬಿಡು" ಎಂದರು, ಅಷ್ಟೇ.

ಪಾಳಿ ಮುಗಿದ ಮೇಲೆ, ನಿದ್ದೆಗೆಟ್ಟ ಕಣ್ಣಲ್ಲೇ, ಒಂದು ಸೇರು ಭತ್ತ ಹಿಡಿದು ಕುರುಗೋಡಿಗೆ ಹೋದೆ. ಅತ್ತೆ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಉಡಿ ಒಡ್ಡಲಿಲ್ಲ. ಚೀಲ ನನ್ನ ಕೈಯಲ್ಲೇ ತೂಗಿತು.

"ತಪ್ಪಾತು ಅತ್ತಿ," ಎಂದೆ, ಈ ಸಲ ನನ್ನದೇ ದನಿಯಲ್ಲಿ. ಯಾರೋ ದಣಿದ ಮುದುಕನನ್ನು ಅಣಕಿಸಿದ ಹಾಗಿತ್ತು ಅದು. "ಕಥಿ ಹೇಳು. ಇಲ್ಲಾಂದ್ರ ನನ್ನ ಅಧ್ಯಾಯ ಹೋಗ್ತೈತಿ."

ಅವಳು ತಲೆ ಎತ್ತಲಿಲ್ಲ.

"ನಿಮ್ಮ ಸಾರ್ ಮಾತು ನೀನ ಆಡಿದ್ಯಲ್ಲಲೇ, ನನ್ನ ಮಾತೂ ನೀನ ಆಡಿ ಬರ್ಕೋ ಹೋಗು."